ಸಂತೆ ದಿನದ ಪಂಕ್ತಿ

ಗುಂಪು ಬಂದರೆ ಮೊದಲನೆಯ ಎಲೆ ನೋಡಬೇಡ, ಕಡೆಯ ಎಲೆ ನೋಡು ಎನ್ನುವುದು ನನ್ನ ಗಂಡ ಹೋಟೆಲು ನಡೆಸಿದಷ್ಟು ಕಾಲವೂ ಹೇಳುತ್ತಿದ್ದ ಮಾತು. ನಮ್ಮ ಕಡೆಯ ಜನ ಒಂದು ಸಾಲಾಗಿ ಕೂತರೆಂದರೆ ಕಡೆಯ ಎಲೆಗೆ ಬಡಿಸುವ ತನಕ ಮೊದಲನೆಯ ಎಲೆಯವನು ಕೈ ಹಾಕುವುದಿಲ್ಲ. ಎಷ್ಟೇ ಹಸಿದಿರಲಿ, ಹಿರಿಯನಾದವನು ಅತ್ತ ಇತ್ತ ನೋಡಿ "ಎಲ್ಲಾರ್ಗೂ ಬಂತಾ" ಎಂದು ಕೇಳಿ, "ಊಂ, ತಿನ್ನಿ" ಎಂದ ಮೇಲೆಯೇ ತುತ್ತು ಬಾಯಿಗೆ. ಹೊಲದಲ್ಲೂ ಹಾಗೇ, ಮದುವೆಮನೆಯಲ್ಲೂ ಹಾಗೇ, ಹೋಟೆಲಿನಲ್ಲಿ ಮಾತ್ರ ಬೇರೆ ಹೇಗಾದೀತು? ಕಡೆಯ ಎಲೆಗೆ ಇಡ್ಲಿ ತಡವಾದರೆ ಇಡೀ ಸಾಲು ಕೈಕಟ್ಟಿ ಕೂರುತ್ತದೆ, ಬಾಗಿಲಲ್ಲಿ ಕಾದು ನಿಂತವರು ಬೇರೆ ಹೋಟೆಲು ಹುಡುಕಿಕೊಂಡು ಹೋಗುತ್ತಾರೆ. ಈ ಮಾತನ್ನು ಅವರು ಬಡಿಸುವವರಿಗಿಂತ ಹೆಚ್ಚಾಗಿ ಒಲೆಯ ಮುಂದಿದ್ದ ನನಗೇ ಹೇಳುತ್ತಿದ್ದರು. ಒಂದು ಸಂತೆಯ ದಿನ ನಾನು ಅದೇ ಮಾತನ್ನು ಅವರ ಮೇಲೆಯೇ ತಿರುಗಿಸಿದೆ.

ಯುದ್ಧ ನಡೆಯುತ್ತಿದ್ದ ಕಾಲ ಅದು. ಅಕ್ಕಿ ಕಂಟ್ರೋಲಿಗೆ ಬಂದಿತ್ತು, ಸಕ್ಕರೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ನಮ್ಮ ಹೋಟೆಲು ಮದ್ದೂರಿನಲ್ಲಿ, ಬಸ್ಸು ನಿಲ್ಲುವ ಜಾಗದಿಂದ ಸಂತೆಮಾಳಕ್ಕೆ ಹೋಗುವ ದಾರಿಯಲ್ಲಿತ್ತು. ಮುಂದೆ ಬೆಂಚು ಹಾಕಿದ ಹಜಾರ, ಪಕ್ಕಕ್ಕೆ ಉದ್ದನೆಯ ಜಗಲಿ, ಹಿಂದೆ ಅಡಿಗೆಮನೆ, ಅಡಿಗೆಮನೆಗೆ ಅಂಟಿಕೊಂಡು ಹೆಂಗಸರಿಗೆಂದು ಒಂದು ಒಳಕೋಣೆ. ನನ್ನ ಗಂಡ ಮೈಸೂರಿನ ಹೋಟೆಲೊಂದರಲ್ಲಿ ಕಾವಲಿ ಮುಂದೆ ನಿಂತು ಕಲಿತು ಬಂದವರು. ನಾನು ಬೆಸಗರಹಳ್ಳಿಯ ಬೇಸಾಯದ ಮನೆಯ ಹೆಣ್ಣು, ಮುದ್ದೆ ತಿರುವುವುದು ಬಿಟ್ಟರೆ ಬೇರೇನೂ ತಿಳಿಯದೆ ಬಂದವಳು. ಇಡ್ಲಿ, ಚಟ್ನಿ, ಉಪ್ಪಿಟ್ಟು ಎಲ್ಲವನ್ನೂ ಅವರಿಂದಲೇ ಬೈಸಿಕೊಂಡು ಕಲಿತೆ. ಬೈಸಿಕೊಂಡಷ್ಟೇ ಬೈದೆ ಕೂಡ, ಅದು ನನ್ನ ಹುಟ್ಟುಗುಣ.

ಸಂತೆಯ ದಿನ ಕೋಳಿ ಕೂಗುವ ಹೊತ್ತಿಗೆ ಬಂದು ಸೊಪ್ಪು, ಕಾಯಿ, ಕುರಿ ಮಾರಿದ ಜನ, ಬಿಸಿಲು ಏರುತ್ತಿದ್ದಂತೆ ಒಟ್ಟಿಗೇ ಹೋಟೆಲಿಗೆ ನುಗ್ಗುತ್ತಿದ್ದರು. ಬೆಳಗಿನ ಕಾಫಿಯ ಹೊತ್ತೂ ಅಲ್ಲ, ಮಧ್ಯಾಹ್ನದ ಊಟದ ಹೊತ್ತೂ ಅಲ್ಲ, ಆ ನಡುವಿನ ಹೊತ್ತಿನಲ್ಲೇ ಎಲ್ಲರಿಗೂ ಹಸಿವು. ಬಿಡಿಬಿಡಿಯಾಗಿ ಬಂದವರನ್ನು ಸಂಭಾಳಿಸಬಹುದು, ಗುಂಪು ಬಂದರೆ ಕಷ್ಟ. ಗುಂಪಿನವರನ್ನು ಬೆಂಚಿನ ಮೇಲೆ ಕೂರಿಸಿದರೆ ಒಬ್ಬ ದೋಸೆ ಎನ್ನುತ್ತಾನೆ, ಇನ್ನೊಬ್ಬ ಉಪ್ಪಿಟ್ಟು ಎನ್ನುತ್ತಾನೆ, ಪಕ್ಕದವನ ತಟ್ಟೆ ನೋಡಿದ ಮೂರನೆಯವನು ತನಗೂ ದೋಸೆಯೇ ಬೇಕೆನ್ನುತ್ತಾನೆ. ಅದಕ್ಕೆ ಇವರು ಗುಂಪನ್ನು ಬೆಂಚಿಗೆ ಬಿಡುತ್ತಲೇ ಇರಲಿಲ್ಲ. ಬಂದ ಕೂಡಲೇ "ಕೈಕಾಲು ತೊಳ್ಕೊಳಿ ಗೌಡ್ರೆ" ಎಂದು ಹಿತ್ತಲ ತೊಟ್ಟಿಗೆ ಕಳಿಸಿ, ಅಷ್ಟರಲ್ಲಿ ಜಗಲಿಯ ಮೇಲೆ ಚಾಪೆ ಹಾಸಿ, ಮುತ್ತುಗದ ಎಲೆ ಹಾಕಿಸಿ, ಹಿರಿಯನೊಬ್ಬನನ್ನೇ ಕೇಳಿ, ಎಲ್ಲರಿಗೂ ಒಂದೇ ತಿಂಡಿ. ಗುಂಪಿಗೆ ಹೊಟ್ಟೆ ಎಷ್ಟಿದ್ದರೂ ಬಾಯಿ ಒಂದೇ ಇರಬೇಕು ಎನ್ನುತ್ತಿದ್ದರು. ಕಾಫಿಯನ್ನಂತೂ ಕಡೆಗೇ ಕೊಡಬೇಕು, ಮೊದಲೇ ಕೊಟ್ಟರೆ ಲೋಟ ಹಿಡಿದು ಕಥೆ ಹೊಡೆಯುತ್ತಾ ಏಳುವುದೇ ಇಲ್ಲ. ಗುಂಪಿನಲ್ಲಿ ಬಂದ ಹೆಂಗಸರು ಒಳಕೋಣೆಗೆ, ನನ್ನ ಪಾಲಿಗೆ.

ಹೆಣ್ಣು ನೋಡಲು ಹೋಗುವ ಗುಂಪುಗಳು ನಮ್ಮಲ್ಲಿ ಬಹಳ ಬರುತ್ತಿದ್ದವು. ಅದಕ್ಕೆ ಕಾರಣವಿತ್ತು. ಹೆಣ್ಣು ನೋಡಹೋದವರು ಒಪ್ಪಿಗೆಯಾಗುವ ತನಕ ಆ ಮನೆಯಲ್ಲಿ ಉಪ್ಪು ಬಿದ್ದ ಅಡಿಗೆ ಮುಟ್ಟುವುದಿಲ್ಲ. ಹಾಲು, ಬಾಳೆಹಣ್ಣು, ಒಂದು ಚೂರು ಬೆಲ್ಲ, ಅಷ್ಟೇ. ಉಂಡರೆ ಒಪ್ಪಿದ ಹಾಗೆ. ಗಂಡಿನ ಮನೆಯವರಲ್ಲಿ ಯಾರೊಬ್ಬರು ಉಂಡರೂ ಮನೆಯವರೆಲ್ಲ ಉಂಡ ಹಾಗೆ. ಆಮೇಲೆ ಬೇಡ ಎಂದರೆ ಉಪ್ಪು ತಿಂದ ಮನೆಗೆ ಎರಡು ಬಗೆದ ಹಾಗೆ, ಅಂಥವರಿಗೆ ಮತ್ತೆ ಹೆಣ್ಣು ಕೊಡುವವರಿಲ್ಲ. ಮಗು ಹಸಿದು ಒಂದು ತುತ್ತು ಬಾಯಿಗಿಟ್ಟರೆ ಮದುವೆಯೇ ಗಂಟುಬಿದ್ದೀತು ಎಂದು ಚಿಕ್ಕ ಮಕ್ಕಳನ್ನು ಕರೆದೊಯ್ಯುತ್ತಲೇ ಇರಲಿಲ್ಲ. ಹೀಗಾಗಿ ಬೇಡವೆನ್ನುವ ಮನಸ್ಸಿದ್ದವರು ದಾರಿಯ ಹೋಟೆಲಿನಲ್ಲೇ ಹೊಟ್ಟೆ ಗಟ್ಟಿ ಮಾಡಿಕೊಂಡು ಹೋಗುತ್ತಿದ್ದರು. ಒಪ್ಪುವ ಮನಸ್ಸಿದ್ದವರು ಬರೀ ಕಾಫಿ ಕುಡಿದು ಏಳುತ್ತಿದ್ದರು. ಇಡ್ಲಿಯ ಎರಡನೆಯ ಸುತ್ತು ಕೇಳುವುದರಲ್ಲೇ ಯಾವ ಸಂಬಂಧ ಕೂಡುತ್ತದೆ, ಯಾವುದು ಮುರಿಯುತ್ತದೆ ಎಂದು ನಾನು ಒಲೆಯ ಮುಂದೆ ಕೂತು ಹೇಳಬಲ್ಲವಳಾಗಿದ್ದೆ.

ನನಗೊಬ್ಬಳು ತಂಗಿ. ನೋಡಲು ಲಕ್ಷಣವಾಗಿದ್ದಳು, ಗೇಯ್ಮೆಯಲ್ಲಿ ಗಂಡಾಳನ್ನು ಹಿಂದೆ ಹಾಕುತ್ತಿದ್ದಳು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಮೊದಲು ನೋಡಲು ಬಂದವರಲ್ಲಿ ಒಬ್ಬ ಮುದುಕ, "ಒಂದ್ಸಲ ನಡ್ದು ತೋರ್ಸವ್ವ" ಎಂದನಂತೆ. ಇವಳು, "ನಿಮ್ ಹುಡ್ಗನ್ನೂ ನಡ್ಸಿ ತಾತ, ಯಾರ್ ಕಾಲು ನೆಟ್ಟಗದೆ ನೋಡವ" ಎಂದಳು. ಅವರು ಹಾಲನ್ನೂ ಕುಡಿಯದೆ ಎದ್ದುಹೋದರು. ಆಮೇಲೆ ಬಂದವರೂ ಹಾಗೇ, ಒಂದಲ್ಲ ಒಂದು ಮಾತಿಗೆ ಎದ್ದುಹೋದರು. ಪ್ರತಿ ಸಲವೂ ಅವ್ವ ಮುಂಜಾನೆಯೇ ಎದ್ದು ಅಡಿಗೆ ಮಾಡುವುದು, ಸಂಜೆ ಅದನ್ನು ಊರವರ ಕಣ್ಣಿಗೆ ಬೀಳದ ಹಾಗೆ ಕಲಗಚ್ಚಿಗೆ ಸುರಿಯುವುದು. ಇನ್ನೊಂದು ಸಲ ಹೀಗಾದರೆ ಆ ಹುಡುಗಿಗೆ ಮದುವೆಯಿಲ್ಲ ಎಂದು ಊರೇ ಆಡಿಕೊಳ್ಳುತ್ತಿತ್ತು. ತಂಗಿ ನಗುತ್ತಲೇ ಇದ್ದಳು, ಆದರೆ ಹಿಂದಿನ ಸಲ ನಾನು ತವರಿಗೆ ಹೋದಾಗ ಅವಳ ನಗು ತುಟಿ ದಾಟುತ್ತಿರಲಿಲ್ಲ. "ಇನ್ನು ನನ್ನ ಚಾಪೆ ಮೇಲೆ ಕೂರಿಸ್ಬ್ಯಾಡಿ ಕಣಕ್ಕ, ಸಾಕಾಗದೆ" ಎಂದಿದ್ದಳು.

ಆ ಸಂತೆಯ ದಿನ ಮಳವಳ್ಳಿ ಕಡೆಯಿಂದ ಇನ್ನೊಂದು ಗುಂಪು ಬರುವುದೆಂದು ಅಪ್ಪ ಹೇಳಿ ಕಳಿಸಿದ್ದ. ಅಂಥ ದಿನ ಹೋಟೆಲು ಬಿಟ್ಟು ತವರಿಗೆ ಹೋಗುವುದು ಎಲ್ಲಿ ಸಾಧ್ಯ? ಬೆಳಗಿನಿಂದ ನನ್ನ ಕೈ ನಿಲ್ಲುತ್ತಿರಲಿಲ್ಲ. ಚಟ್ನಿಗೆ ಎರಡು ಸಲ ಉಪ್ಪು ಹಾಕಿದೆ, ಕುದಿಯುವ ಪಾತ್ರೆಯ ಮುಚ್ಚಳ ಬರಿಗೈಯಲ್ಲಿ ಎತ್ತಿದೆ, ರುಬ್ಬಲು ಬರುತ್ತಿದ್ದ ಮುದುಕಿಯ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಅವರು ಈಗ ಬಸ್ಸು ಹತ್ತಿರಬೇಕು, ಈಗ ಇಳಿದಿರಬೇಕು, ಈಗ ಗಾಡಿ ಕಟ್ಟಿಸಿರಬೇಕು ಎಂದು ಮನಸ್ಸು ಅವರ ಹಿಂದೆಯೇ ಓಡುತ್ತಿತ್ತು. ಅವರು ನಮ್ಮ ಹೋಟೆಲಿಗೇ ಬರಬಹುದು ಎಂದು ಮಾತ್ರ ಹೊಳೆಯಲಿಲ್ಲ.

ಬಂದರು. ಹಜಾರದಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ, ಇಪ್ಪತ್ತು ಜನಕ್ಕೆ ಕಮ್ಮಿಯಿಲ್ಲದ ಗುಂಪು, ಇದ್ದಿಲ ಮಸಿ ಮೆತ್ತಿದ ಬಿಳಿ ಪಂಚೆಗಳು. ಮುಂದೆ ನಿಂತಿದ್ದ ಜರಿಪೇಟದ ಹಿರಿಯರೊಬ್ಬರು ನನ್ನ ಗಂಡನನ್ನು ಕೇಳಿದ್ದು ನನಗೆ ಅಡಿಗೆಮನೆಯ ಕಿಟಕಿಯಲ್ಲಿ ಕೇಳಿಸಿತು. "ಬೆಸಗರಳ್ಳಿಗೆ ಎರಡು ಗಾಡಿ ಬೇಕು ಕಣಪ್ಪ. ಅರಳೀಕಟ್ಟೆ ಎದ್ರುಗಿನ ಮನೆಗೆ. ಮೊದ್ಲು ಒಟ್ಟೆ ತುಂಬ ಏನಾದ್ರೂ ಕೊಡು." ಅರಳೀಕಟ್ಟೆಯ ಎದುರಿನ ಮನೆ ನನ್ನ ತವರು. ನನ್ನ ಕೈಯ ಸೌಟು ನಿಂತಿತು.

ಅವರಿಗೆ ನಾವು ಯಾರೆಂದು ತಿಳಿದಿರಲಿಲ್ಲ. ಹಿರಿ ಮಗಳನ್ನು ಮದ್ದೂರಿಗೆ ಕೊಟ್ಟಿದೆ ಎಂದಷ್ಟೇ ಅಪ್ಪ ಹೇಳಿಸಿದ್ದ, ಹೋಟೆಲಿನ ಮಾತು ಎತ್ತಿರಲಿಲ್ಲ. ಅನ್ನ ಮಾರುವುದು ಪಾಪ ಎನ್ನುತ್ತಿದ್ದ ಕಾಲ. ಬೇಸಾಯಗಾರ ಅನ್ನ ಇಕ್ಕಬೇಕು, ಮಾರಬಾರದು. ಅಪ್ಪನಿಗೆ ನನ್ನ ಗಂಡನ ಮೇಲೆ ಪ್ರೀತಿಯಿತ್ತು, ಆದರೆ ಈ ಬಾಬತ್ತಿನಲ್ಲಿ ನಾಚಿಕೆಯೂ ಇತ್ತು. ನನಗೆ ಅದು ಗೊತ್ತಿತ್ತು, ಉರಿಯುತ್ತಿತ್ತು, ತಂಗಿಯ ಮದುವೆಯಾಗಲಿ ಎಂದು ನುಂಗಿಕೊಂಡಿದ್ದೆ.

ಗಂಡಸರು ಜಗಲಿಗೆ ಹೋದರು, ಹೆಂಗಸರು ಒಳಕೋಣೆಗೆ ಬಂದರು. ಬರುತ್ತಲೇ ಮಾತಿಗೆ ಹತ್ತಿದವಳು ಆ ಹಿರಿಯರ ಹೆಂಡತಿ, ಹುಡುಗನ ದೊಡ್ಡಮ್ಮ. ಅವರ ಒಟ್ಟು ಕುಟುಂಬದಲ್ಲಿ ಆ ದೊಡ್ಡಪ್ಪ ದೊಡ್ಡಮ್ಮನದೇ ದರ್ಬಾರು ಎಂದು ತಿಳಿಯಲು ಹೊತ್ತು ಬೇಕಾಗಲಿಲ್ಲ. ಹುಡುಗನ ಹೆತ್ತ ತಾಯಿ ಮೂಲೆಯಲ್ಲಿ ಗೋಡೆಗೆ ಒರಗಿ ಸೆರಗು ಹೊದ್ದು ಕೂತಳು. ತೆಳ್ಳಗಿನ ಹೆಂಗಸು, ಮಾತಿಲ್ಲ, ಕಣ್ಣುಗಳು ಮಾತ್ರ ನನ್ನ ಕೈಯನ್ನೇ ನೋಡುತ್ತಿದ್ದವು.

"ಎಣ್ ನೋಡಕ್ಕೆ ಒಂಟಿದ್ದೀರಾ ಅವ್ವ?" ಎಂದು ನಾನು ಎಲೆ ಹಾಕುತ್ತಾ ಕೇಳಿದೆ.

"ನೋಡಾದೇನ್ ಬಂತು" ಎಂದಳು ದೊಡ್ಡಮ್ಮ. "ಮಂಡ್ಯದ ಫಾರಂ ತಾವ ನಾಲೆ ಬಯಲ್ನಲ್ಲಿ ಒಂದು ಮನೆ ಅದೆ, ಮನೆ ಮುಂದೆ ಕಬ್ಬಿನ ಗದ್ದೆ. ನಮ್ಮೋರು ಅಲ್ಲಿ ಮಾತು ಕೊಟ್ಟಾಗದೆ. ನಡುವಿನೋರ ಮಾತು ಮುರೀಬಾರ್ದು ಅಂತ ಇಲ್ಲಿಗೆ ಒಂದ್ಸಲ ಮಕ ತೋರ್ಸಿ ಬರಾದು. ಆ ಎಣ್ಣಿಗೆ ಬಾಯಿ ಬೇರೆ ಜಾಸ್ತಿಯಂತೆ. ಅದಕ್ಕೆ ಇಲ್ಲೇ ಒಟ್ಟೆ ತುಂಬ್ಸಿ ಬುಡವ್ವ, ಅಲ್ಲಿ ಒಂದ್ ಅಗುಳೂ ಮುಟ್ಟಂಗಿಲ್ಲ."

ನನ್ನ ಮೈ ಉರಿದುಹೋಯಿತು. ಬೇಡವೆನ್ನುವುದು ಬೇರೆ, ನೋಡಿ ಬೇಡವೆನ್ನಲಿ. ನೋಡುವ ಮೊದಲೇ ಬೇಡವೆಂದುಕೊಂಡು, ಆ ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ ಎಬ್ಬಿಸುವುದು ಯಾವ ಧರ್ಮ? ಅಲ್ಲಿ ಅವ್ವ ಇಷ್ಟು ಹೊತ್ತಿಗೆ ಅವರೆಕಾಳಿನ ಉಪ್ಸಾರು ಇಳಿಸಿ ಮುದ್ದೆಗೆ ಎಸರಿಟ್ಟಿರುತ್ತಾಳೆ. ತಂಗಿ ಇದ್ದ ಒಂದೇ ಒಳ್ಳೆಯ ಸೀರೆ ಉಟ್ಟಿರುತ್ತಾಳೆ.

ಜಗಲಿಯಲ್ಲಿ ಬಡಿಸುವುದು ಶುರುವಾಗಿತ್ತು. ಇಡ್ಲಿಯ ತಟ್ಟೆಗಳು ಕಿಟಕಿಯಿಂದ ಒಂದಾದ ಮೇಲೊಂದು ಹೋದವು, ಚಟ್ನಿ ಹೋಯಿತು. ಇನ್ನು ಒಂದೇ ಒಂದು ಎಲೆಗೆ ಆಗುವಷ್ಟು ಉಳಿದಾಗ ನಾನು ಕಿಟಕಿಯ ಬಾಗಿಲು ಹಾಕಿಬಿಟ್ಟೆ. ಆ ಇಡ್ಲಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕೂತೆ. ಏನು ಮಾಡಬೇಕೆಂದು ತಿಳಿಯಲಿಲ್ಲ, ಅವರು ಒಂದು ತುತ್ತನ್ನೂ ಬಾಯಿಗಿಡಬಾರದು ಎನ್ನುವುದು ಮಾತ್ರ ತಿಳಿದಿತ್ತು. ಹೊರಗೆ ಇಡೀ ಸಾಲಿನವರ ಕೈ ಮಂಡಿಯ ಮೇಲಿತ್ತು. ಕಡೆಯ ಎಲೆ ಬರಿದಾಗಿತ್ತು.

ನನ್ನ ಗಂಡ ಬೆವರು ಸುರಿಸುತ್ತಾ ಒಳಗೆ ಬಂದರು. "ಕಡೆ ಎಲೆ ಕಣಮ್ಮಿ. ಏನಾಯ್ತು?"

"ಕೊಡಾಕಿಲ್ಲ" ಎಂದೆ.

"ಸಂತೆ ಜನ ಬಾಕ್ಲಲ್ಲಿ ನಿಂತವ್ರೆ. ಸಾಲು ಏಳ್ದಿದ್ರೆ ಅವರ್ನ ಎಲ್ಲಿ ಕೂರಸ್ಲಿ? ಕೊಡು ಇತ್ತ."

"ಇವ್ರು ನನ್ ತಂಗಿನ ನೋಡಕ್ಕೆ ಓಯ್ತಿರೋರು. ನೋಡ್ದೆ ಬ್ಯಾಡ ಅಂತ ಮಾತಾಡ್ಕಂಡವ್ರೆ. ಇಲ್ಲಿ ತಿಂದು ಅಲ್ಲಿ ಮಕ ತಿರುಗ್ಸ್ತಾರಂತೆ. ನಮ್ಮ ಇಡ್ಲೀಲೇ ನಮ್ಮ ಮಾನ ಕಳೀತಾರೆ. ನಾ ಕೊಡಾಕಿಲ್ಲ."

ಇವರು ಹೆಗಲ ಮೇಲಿನ ಚೌಕದಲ್ಲಿ ಮುಖ ಒರೆಸಿಕೊಂಡರು. ಪಾಪ, ಅವರಿಗೂ ನನ್ನ ತಂಗಿಯೆಂದರೆ ಅಕ್ಕರೆ. ಆದರೆ ಎಲೆಯ ಮುಂದೆ ಕೂತವರನ್ನು ಹಸಿದು ಕಳಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ಎಲೆ ಆಕಾದ್ ಮೇಲೆ ಶತ್ರು ಆದ್ರೂ ಇಕ್ಬೇಕು" ಎಂದರು ಮೆತ್ತಗೆ. "ಅಷ್ಟು ಸಂಕಟ ಆದ್ರೆ ಬಾಯ್ಬುಟ್ಟು ಮಾತಲ್ಲಿ ಏಳು. ಅವ್ರನ್ನ ಅಸಿವಲ್ಲಿ ಕೂರ್ಸಿ ಏಳ್ಬ್ಯಾಡ."

ಆ ಮಾತು ನನ್ನನ್ನು ಎಬ್ಬಿಸಿತು. ಇಡ್ಲಿ ತಟ್ಟೆ ಹಿಡಿದು ನಾನೇ ಜಗಲಿಗೆ ಹೋದೆ. ಅಲ್ಲಿಯ ತನಕ ನಾನು ಹಜಾರ ದಾಟಿ ಗಂಡಸರ ಪಂಕ್ತಿಗೆ ಬಂದವಳೇ ಅಲ್ಲ, ಅದು ನಮ್ಮಲ್ಲಿ ಇರಲಿಲ್ಲ. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಕಡೆಯ ಎಲೆಯ ಮುಂದೆ ನಿಂತೆ. ಅದರ ಹಿಂದೆ ಕೂತಿದ್ದವನು ಹೊಸ ಅಂಗಿಯ ಹುಡುಗ. ಅವನೇ ಮದುವೆಯ ಗಂಡು ಎಂದು ಅಂಗಿ ನೋಡಿದರೇ ತಿಳಿಯುತ್ತಿತ್ತು.

"ನೀವು ನೋಡಾಕೆ ಓಯ್ತಿರೋ ಎಣ್ಣು ನನ್ ತಂಗಿ" ಎಂದೆ. "ನಮ್ಮವ್ವ ಕೋಳಿ ಕೂಗೋಕ್ ಮುಂಚೆ ಎದ್ದು ನಿಮ್ಗೆ ಅಡ್ಗೆ ಮಾಡ್ತಾವ್ಳೆ. ನೋಡಿ ಒಪ್ಪೋ ಮನ್ಸಿದ್ರೆ ಅಸ್ಕಂಡ್ ಓಗಿ. ಇಲ್ದಿದ್ರೆ ಇಲ್ಲೇ ಒಟ್ಟೆ ತುಂಬ ತಿಂದು ಇದ್ದಂಗೇ ಊರಿಗೆ ಓಗಿ. ತಿಂದು ಓಗಿ ಅವಳ್ನ ಚಾಪೆ ಮೇಲೆ ಕೂರಿಸ್ಬ್ಯಾಡಿ" ಎಂದು ಕಡೆಯ ಎಲೆಗೆ ಇಡ್ಲಿ ಹಾಕಿದೆ.

ದೊಡ್ಡಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರು ಸಿಟ್ಟಾಗಲಿಲ್ಲ, ಅವರಿಗೆ ಅನುಕೂಲವೇ ಆಗಿತ್ತು. "ಓಹೋ. ಅನ್ನ ಮಾರೋರ ನೆಂಟಸ್ತಿಕೆ ಅಂತ ನಮ್ಗೆ ಯಾರೂ ಏಳ್ಲೇ ಇಲ್ವಲ್ಲ. ಸರಿ ಬುಡು ತಾಯಿ, ಓಗಾದೇ ಬ್ಯಾಡ, ನಡುವಿನೋರ್ಗೂ ಜವಾಬು ಸಿಕ್ತು" ಎಂದು ಸಾಲಿನ ಕಡೆ ತಿರುಗಿ, "ಎಲ್ಲಾರ್ಗೂ ಬಂತಾ? ಊಂ, ತಿನ್ನಿ" ಎಂದರು.

ನಾನು ಹುಡುಗನ ಮುಖ ನೋಡಿದೆ. ಅವನು ಒಂದು ಕ್ಷಣ ಎಲೆ ನೋಡಿದ, ದೊಡ್ಡಪ್ಪನನ್ನು ನೋಡಿದ, ಆಮೇಲೆ ತಲೆ ತಗ್ಗಿಸಿ ಇಡ್ಲಿ ಮುರಿದ. ಇವನಿಗೆ ನನ್ನ ತಂಗಿ ಸಿಗದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡು ಒಳಗೆ ಬಂದೆ. ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಮುಚ್ಚಿಡಬೇಕಾದ್ದನ್ನು ನಾನೇ ಸಂತೆಯಲ್ಲಿ ಕೂಗಿ ಹೇಳಿದ್ದೆ, ಸಂಬಂಧವನ್ನು ನಾನೇ ಕೈಯಾರೆ ಮುರಿದಿದ್ದೆ. ಅಪ್ಪನಿಗೆ ಏನು ಹೇಳಲಿ?

ಒಳಕೋಣೆಯಲ್ಲಿ ದೊಡ್ಡಮ್ಮ ಮತ್ತು ಉಳಿದ ಹೆಂಗಸರು, ರುಬ್ಬುವ ಮುದುಕಿ ಬಡಿಸಿದ್ದನ್ನು ನನ್ನ ಕಡೆ ನೋಡದೆ ತಿನ್ನುತ್ತಿದ್ದರು. ಹುಡುಗನ ತಾಯಿಯ ಎಲೆ ಮಾತ್ರ ಹಾಗೇ ಇತ್ತು. ಅವಳು ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದಳು. ಅಷ್ಟು ಹೊತ್ತಿಗೆ ಅವಳ ಬಾಯಿಂದ ಬಂದ ಮೊದಲ ಮಾತು ಅದು.

"ನಿನ್ ತಂಗಿಗೂ ನಿನ್ನಂಗೇ ಬಾಯಿ ಅದಾ?"

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? "ನನಗಿಂತ ಒಂದ್ ಕೈ ಮೇಲು ಕಣವ್ವ" ಎಂದೆ.

ಅವಳ ಮುಖದಲ್ಲಿ ನಗು ಬಂದದ್ದನ್ನು ನಾನು ಕಂಡೆ, ತಕ್ಷಣ ಹೋದದ್ದನ್ನೂ ಕಂಡೆ. "ಬಾಯಿ ಇಲ್ದೋಳು ನಮ್ಮನೇಲಿ ಒಬ್ಳು ಅವ್ಳೆ. ಅದು ಸಾಕು" ಎಂದಳು. ಆಮೇಲೆ ಹಿತ್ತಲ ಬಾಗಿಲ ಕಡೆ ನೋಡಿ, "ಗಾಡಿ ಏಳಿದ್ರಲ್ಲ, ಬಂದದಾ?" ಎಂದು ಕೇಳಿದಳು.

ಗಾಡಿ ಬಂದಿತ್ತು. ಹಿತ್ತಲ ಬೇಲಿಯ ಆಚೆ ಎತ್ತುಗಳು ಮೆಲುಕು ಹಾಕುತ್ತಾ ನಿಂತಿದ್ದವು. ಗಾಡಿಯವನು ನಮ್ಮೂರವನೇ. ಅವಳು ಯಾರಿಗೂ ಹೇಳದೆ, ಸೆರಗು ಬಿಗಿದು ಗಾಡಿ ಹತ್ತಿ ಕೂತಳು. ಅವಳ ಗಂಡ, ಹುಡುಗನ ತಂದೆ, ಕೈ ತೊಳೆಯಲು ತೊಟ್ಟಿಗೆ ಬಂದವನು ಅದನ್ನು ನೋಡಿದ. ಒಳಗೊಮ್ಮೆ ಅಣ್ಣನ ಕಡೆ ನೋಡಿದ. ಬೀಡಿಯೊಂದನ್ನು ಹೊತ್ತಿಸಿಕೊಂಡು, ಬೀಡಿ ಸೇದಲು ಹೊರಟವನ ಹಾಗೆ ಗಾಡಿಯ ಹಿಂದೆ ನಡೆದುಬಿಟ್ಟ.

ಅಲ್ಲಿಂದಾಚೆಗೆ ನನ್ನ ಅವಸ್ಥೆ ಕೇಳಬೇಡಿ. ಅವಳು ಯಾಕೆ ಹೋದಳು? ನೋಡಿ ಬೈದು ಬರುವುದಕ್ಕೋ, ಮನೆಯವರ ಪರವಾಗಿ ತಪ್ಪಾಯಿತು ಎಂದು ಹೇಳಿ ಬರುವುದಕ್ಕೋ? ಸಂತೆಯ ಜನ ಸಾಲುಸಾಲಾಗಿ ಬಂದು ತಿಂದು ಹೋದರು, ನಾನು ಏನು ಬೇಯಿಸಿದೆನೋ ಏನು ಕೊಟ್ಟೆನೋ ನೆನಪಿಲ್ಲ. ಕಾಫಿ ಕೇಳಿದವರಿಗೆ ಚಟ್ನಿ ಕಳಿಸಿದೆ. ಪ್ರತಿ ಗಾಡಿಯ ಸದ್ದಿಗೂ ಹಿತ್ತಲಿಗೆ ಓಡಿದೆ. ರುಬ್ಬುವ ಮುದುಕಿ, "ಕಾಲಿಗೆ ಚಕ್ರ ಕಟ್ಕಂಡಿದ್ದೀಯಾ, ಕೂತ್ಕೊ" ಎಂದಳು.

ಮಳವಳ್ಳಿಯ ಬಸ್ಸು ಸಂಜೆಗೆ ಮೊದಲು ಇರಲಿಲ್ಲ. ಹಾಗಾಗಿ ಆ ಗುಂಪು ಜಗಲಿಯಲ್ಲೇ ಬೀಡುಬಿಟ್ಟಿತ್ತು. ತಿಂದ ಮೇಲೂ ಏಳದ ಗುಂಪನ್ನು ಎಬ್ಬಿಸುವುದಕ್ಕೆ ನನ್ನ ಗಂಡನ ಹತ್ತಿರ ನೂರು ಉಪಾಯಗಳಿದ್ದವು. ಜಗಲಿ ತೊಳೆಯಲು ನೀರು ತರಿಸುವುದು, ಚಾಪೆ ಸುತ್ತುವುದು, ಒಲೆಯ ಹೊಗೆಯನ್ನು ಅತ್ತ ಬಿಡುವುದು. ಅವತ್ತು ಅವರು ಒಂದನ್ನೂ ಮಾಡಲಿಲ್ಲ. ಬದಲಿಗೆ ಬೆಲ್ಲದ ಕಾಫಿಯನ್ನು ಒಂದು ಸುತ್ತು ಕೊಟ್ಟು, ಸ್ವಲ್ಪ ಹೊತ್ತಿಗೆ ಇನ್ನೊಂದು ಸುತ್ತು ಕೊಟ್ಟರು. ದೊಡ್ಡಪ್ಪ ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಕಾಣದೆ, "ಎಲ್ಲೋದ್ರಪ್ಪ ಇವ್ರು?" ಎಂದು ಹುಡುಕಿದಾಗ, ಸುಳ್ಳು ಹೇಳಿ ಅಭ್ಯಾಸವಿಲ್ಲದ ನನ್ನ ಗಂಡ ನೆಲ ನೋಡುತ್ತಾ, "ಒಳೆ ಕಡೆ ದೇವಸ್ಥಾನ ನೋಡ್ಕಂಡ್ ಬತ್ತೀವಿ ಅಂದ್ರು ಗೌಡ್ರೆ" ಎಂದರು. ಕಿಟಕಿಯಲ್ಲಿ ಕೇಳಿಸಿಕೊಂಡ ನನಗೆ ಆ ಮನುಷ್ಯನ ಮೇಲೆ ಅವತ್ತು ಹುಟ್ಟಿದಷ್ಟು ಪ್ರೀತಿ ಮದುವೆಯಾದ ಹೊಸತರಲ್ಲೂ ಹುಟ್ಟಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಬಂತು. ಈ ಸಲ ಹಿತ್ತಲಿಗಲ್ಲ, ಹೋಟೆಲಿನ ಮುಂಬಾಗಿಲಿಗೆ. ಹುಡುಗನ ತಾಯಿ ಇಳಿದಳು. ಅವಳ ಗಂಡ ಗಾಡಿಯ ಹಿಂದೆ ಮರೆಯಾಗಿ ನಿಂತ. ಜಗಲಿಯಲ್ಲಿದ್ದವರೆಲ್ಲ ಎದ್ದು ನೋಡಿದರು. ನಾನು ಒದ್ದೆ ಕೈಯಲ್ಲೇ ಹಜಾರಕ್ಕೆ ಬಂದು ನಿಂತಿದ್ದೆ, ಒಂದೇ ದಿನದಲ್ಲಿ ಎರಡನೆಯ ಸಲ.

"ಎಲ್ಗೋಗಿದ್ರಿ?" ಎಂದು ದೊಡ್ಡಪ್ಪ ತಮ್ಮನನ್ನು ಕೇಳಿದರು. ತಮ್ಮ ಜೇಬಿನಲ್ಲಿ ಬೀಡಿ ಹುಡುಕಿದ. ಗಂಡನ ಅಣ್ಣನ ಮುಂದೆ ಅವಳು ಬಾಯಿ ತೆರೆಯುವ ಹಾಗಿರಲಿಲ್ಲ, ತೆರೆಯಲೂ ಇಲ್ಲ. ಅವಳು ನೇರವಾಗಿ ನನ್ನ ಹತ್ತಿರ ಬಂದು, ಜಗಲಿಯ ಕಡೆಯವರೆಗೂ ಕೇಳುವ ಹಾಗೆ ನನಗೇ ಹೇಳಿದಳು.

"ಒಸಿ ಎಲಡ್ಕೆ ಕೊಡವ್ವ. ನಿಮ್ಮವ್ವನ ಮನೇಲಿ ಉಂಡ್ ಬಂದಿವ್ನಿ. ಉಪ್ಸಾರು ಬೋ ಚೆನ್ನಾಗಿತ್ತು, ಎಲ್ಡು ಮುದ್ದೆ ಉಂಡೆ."

ದೊಡ್ಡಮ್ಮ ಒಳಕೋಣೆಯ ಬಾಗಿಲಲ್ಲಿ ಕೈ ಬಾಯಿಗಿಟ್ಟುಕೊಂಡಳು. ದೊಡ್ಡಪ್ಪ ಪೇಟ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಇಟ್ಟುಕೊಂಡರು. ಅವರು ಎಂಥ ಜಬರದಸ್ತಿನ ಮನುಷ್ಯರಾದರೂ ಅವರ ಮನೆಯ ಸೊಸೆ ಉಂಡ ಉಪ್ಪನ್ನು ಅವರು ವಾಪಸು ಕಕ್ಕಿಸುವಂತಿರಲಿಲ್ಲ. ಕಬ್ಬಿನ ಗದ್ದೆಯ ಮನೆಗೆ ಕೊಟ್ಟದ್ದು ಬರೀ ಮಾತು, ಇಲ್ಲಿ ಆದದ್ದು ಊಟ. ಸುತ್ತ ನಿಂತ ಸಂತೆಯ ಜನ ಕಿವಿಯಾರೆ ಕೇಳಿದ್ದರು. ನಾನು ಎಲೆ ಅಡಿಕೆಯ ತಟ್ಟೆ ತಂದು ಅವಳ ಮುಂದೆ ಹಿಡಿದೆ. ಅವಳು ಒಂದು ಎಲೆ ತೆಗೆದುಕೊಂಡು, ತಟ್ಟೆಯನ್ನು ನನ್ನ ಕೈಯಿಂದಲೇ ಭಾವನವರ ಕಡೆ ತಿರುಗಿಸಿದಳು. ಬಸ್ಸಿನವನು ಹಾರ್ನ್ ಹೊಡೆಯುವ ತನಕ ಅವರು ಆ ತಟ್ಟೆಯನ್ನು ನೋಡುತ್ತಾ ನಿಂತಿದ್ದರು. ಆಮೇಲೆ ಒಂದು ಎಲೆ ತೆಗೆದುಕೊಂಡರು.

ತವರಿನಲ್ಲಿ ನಡೆದದ್ದನ್ನು ತಂಗಿ ಆಮೇಲೆ ಹೇಳಿದಳು. ಗುಂಪು ಬರುತ್ತದೆಂದು ಚಾಪೆ ಹಾಸಿ ಕಾದಿದ್ದವರಿಗೆ ಗಾಡಿಯಿಂದ ಇಳಿದದ್ದು ಒಬ್ಬ ಹೆಂಗಸು, ಹಿಂದೆ ಬೀಡಿ ಸೇದುವ ಒಬ್ಬ ಗಂಡಸು. ಅಪ್ಪ ಗರಬಡಿದವನ ಹಾಗೆ ನಿಂತನಂತೆ. ತಂಗಿ ಕಾಲಿಗೆ ನೀರು ಕೊಟ್ಟು, "ಮಿಕ್ಕೋರೆಲ್ಲ ಎಲ್ಲವ್ವ?" ಎಂದು ಕೇಳಿದ್ದಕ್ಕೆ, "ನಿಮ್ಮಕ್ಕನ ಓಟ್ಲಲ್ಲಿ ತಿಂತಾವ್ರೆ" ಎಂದಳಂತೆ ಅವಳು. "ಅಂಗಾರೆ ನಾವ್ಯಾಕೆ ಕಾಯಾದು, ಬಾ ಉಣ್ಣವ, ಮುದ್ದೆ ಆರೋಯ್ತದೆ" ಎಂದು ತಂಗಿ ಎರಡು ತಟ್ಟೆ ಹಾಕಿ, ತಾನೂ ಅವಳ ಎದುರು ಕೂತು ಉಂಡಳಂತೆ. ನೋಡಲು ಬಂದ ಅತ್ತೆಯ ಜೊತೆ ಕೂತು ಉಂಡ ಹೆಣ್ಣನ್ನು ನಮ್ಮ ಕಡೆ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಹೊಟ್ಟೆ ತುಂಬಿದ್ದ ಮಾವ ಮಾತ್ರ ಜಗಲಿಯಲ್ಲಿ ಕೂತು ಬಾಳೆಹಣ್ಣು ತಿಂದನಂತೆ.

ಮದುವೆಯಾಯಿತು. ತಂಗಿ ಆ ಮನೆಗೆ ಹೋಗಿ ಬಾಯಿ ಮಾಡಬೇಕಾದ ಕಡೆ ಮಾಡಿದಳು. ಮುಂದೆ ಆ ಒಟ್ಟು ಕುಟುಂಬ ಪಾಲಾದಾಗ ತನ್ನ ಅತ್ತೆ ಮಾವನಿಗೆ ಅನ್ಯಾಯವಾಗದ ಹಾಗೆ ಪಂಚಾಯಿತಿಯ ಮುಂದೆ ನಿಂತು ಮಾತಾಡಿದವಳು ಅವಳೇ. 'ಅನ್ನ ಮಾರೋರು' ಎಂದಿದ್ದ ದೊಡ್ಡಪ್ಪ ಮದ್ದೂರಿಗೆ ಬಂದಾಗಲೆಲ್ಲ ನಮ್ಮ ಹೋಟೆಲಿಗೆ ಬಂದು, ಜಗಲಿಯ ಮೇಲೆಯೇ ಕೂತು ಇಡ್ಲಿ ತಿಂದು ಹೋಗುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟಿದ್ದರು, ಚಟ್ನಿ ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು.

ನನಗೆ ಮಾತ್ರ ತಂಗಿಯ ಗಂಡನ ಮೇಲೆ ಒಂದು ಮುಳ್ಳು ಉಳಿದೇ ಇತ್ತು. ಒಳ್ಳೆಯ ಮನುಷ್ಯ, ಕುಡಿತವಿಲ್ಲ, ಹೊಡೆತವಿಲ್ಲ. ಆದರೆ ಅವನು ಬಂದು ಎಲೆಯ ಮುಂದೆ ಕೂತಾಗಲೆಲ್ಲ, ತಲೆ ತಗ್ಗಿಸಿ ಇಡ್ಲಿ ಮುರಿದ ಆ ಕೈ ನನ್ನ ಕಣ್ಣ ಮುಂದೆ ಬರುತ್ತಿತ್ತು. ಒಂದು ಸಲ ಮಳವಳ್ಳಿ ಕಡೆಯ ಆ ಊರಿಗೆ ನಾನು ಹೋಗಿದ್ದಾಗ ತಡೆಯಲಾರದೆ ತಂಗಿಯನ್ನು ಕೇಳಿಯೇ ಬಿಟ್ಟೆ. ಅವಳು ಒಲೆಯ ಮುಂದೆ ಮುದ್ದೆ ಕಟ್ಟುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ, ಕಣ್ಣು ಮಂಜಾಗಿದ್ದ ಮುದುಕಿ, ತಟ್ಟೆ ಹಿಡಿದು ಕಾಯುತ್ತಿದ್ದಳು.

"ಅವತ್ತು ನಿನ್ ಗಂಡ ಎಲೆ ಬುಟ್ಟು ಏಳ್ನಿಲ್ಲ ಕಣೆ. ನಿಂಗದು ಯಾವತ್ತೂ ನೋವಾಗ್ನಿಲ್ವಾ?"

ತಂಗಿ ಮುದ್ದೆಯನ್ನು ಅತ್ತೆಯ ತಟ್ಟೆಗೆ ಇಟ್ಟು, ಉಪ್ಸಾರು ಬಿಟ್ಟು, ಅವಳ ಬೆರಳನ್ನು ಹಿಡಿದು ಮುದ್ದೆಗೆ ತಾಗಿಸಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಎದ್ದೋಳ್ ಜೊತೇಲಿ ತಾನೆ ಕಣಕ್ಕ ನಾ ಬಾಳಿದ್ದು."